ಕಿಟಕಿ ಬಾಗಿಲಿಗೆ ರೂಟರ್ ಬಿಟ್: ಮೂಲೆಯ ಕೀಲು ನೋಡಿ ಆರಿಸಿದೆ

ಚಿತ್ರದುರ್ಗದ ಆಷಾಢದ ಗಾಳಿ ಕಂಡವರಿಗೆ ಇಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿದ್ದು ಏಕೆಂದು ಹೇಳಬೇಕಿಲ್ಲ. ಪಶ್ಚಿಮದ ಕಿಟಕಿಗೆ ಕೊಂಡಿ ಹಾಕದೆ ಬಿಟ್ಟರೆ ಬಾಗಿಲು ಬಡಿದು ಬಡಿದು ಮೂಲೆಯ ಕೀಲೇ ಸಡಿಲವಾಗುತ್ತದೆ. ಆದ್ದರಿಂದ ಗಾಜಿನ ಕಿಟಕಿ ಬಾಗಿಲುಗಳನ್ನು ಮನೆಯಲ್ಲೇ ಮಾಡಲು ಹೊರಟಾಗ ಮೊದಲು ಕೀಲನ್ನು ನಿರ್ಧರಿಸಿ, ಆಮೇಲೆ ರೂಟರ್‌ಗೆ (ಮರದ ಅಂಚು, ಕಂಡಿ ಕೊರೆಯುವ ಕೈಯಂತ್ರ) ಹಾಕುವ ಬಿಟ್‌ಗಳನ್ನು, ಅಂದರೆ ತಿರುಗುವ ಅಲಗುಗಳನ್ನು ಆರಿಸಿದೆ.

ಕಿಟಕಿಗೆಂದೇ ಜೋಡಿ ಬಿಟ್‌ಗಳ ಸೆಟ್ ಸಿಗುತ್ತದೆ. ಒಂದು ಬಿಟ್ ಒಳ ಅಂಚಿನ ಅಲಂಕಾರವನ್ನೂ ಗಾಜು ಕೂರುವ ಮೆಟ್ಟಿಲಿನಂಥ ತೋಡು, ಅಂದರೆ ರಿಬೇಟನ್ನೂ ಒಟ್ಟಿಗೆ ತೆಗೆಯುತ್ತದೆ; ಇನ್ನೊಂದು ಅಡ್ಡಪಟ್ಟಿಯ ತುದಿಯನ್ನು ಅದಕ್ಕೆ ಸರಿಯಾಗಿ ಕೂರುವಂತೆ ಕೊರೆಯುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಅಂದವೂ ಹೌದು. ಆದರೆ ಹಲವು ಸೆಟ್‌ಗಳಲ್ಲಿ ಎರಡನೆಯ ಬಿಟ್‌ನ ನಡುವೆ ಬೇರಿಂಗ್ (ಮರದ ಅಂಚಿಗೆ ಒತ್ತಿ ಉರುಳುವ ಚಿಕ್ಕ ಗಾಲಿ) ಅಡ್ಡ ಇರುವುದರಿಂದ, ನಿಲುವುಪಟ್ಟಿಯೊಳಗೆ ಸೇರುವ ಅಡ್ಡಪಟ್ಟಿಯ ನಾಲಿಗೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅಡುಗೆಮನೆಯ ಕಪಾಟಿಗೆ ಅಷ್ಟು ಸಾಕು, ಗಾಜು ಹೊತ್ತು ಗಾಳಿ ತಡೆಯುವ ಬಾಗಿಲಿಗೆ ಸಾಲದು. ಸೆಟ್ಟೇ ಬೇಕೆನ್ನುವವರು ಉದ್ದ ನಾಲಿಗೆ ಮೇಲಿನಿಂದ ದಾಟಿಹೋಗಲು ಜಾಗವಿರುವ ಬಿಟ್ ಕೇಳಿ ಕೊಳ್ಳಬೇಕು.

ನಾನು ಕೊಂಡಿದ್ದು ಬಿಡಿಬಿಡಿಯಾಗಿ ಮೂರು. ಮರದ ದಪ್ಪ 38 ಮಿ.ಮೀ. ನಡುವೆ 12 ಮಿ.ಮೀ. ದಪ್ಪದ ನಾಲಿಗೆ, ಎರಡೂ ಬದಿಗೆ 13 ಮಿ.ಮೀ. ಉಳಿಯುತ್ತದೆ. ನಾಲಿಗೆ ಕೂರುವ ಕಂಡಿಗೆ 12 ಮಿ.ಮೀ. ನೇರ ಬಿಟ್. ಇದರಲ್ಲಿ ಅಲಗಿನ ಉದ್ದ ನೋಡಲೇಬೇಕು: ಬಿಟ್ಟನ್ನು ರೂಟರಿಗೆ ಸಿಕ್ಕಿಸುವ ಹಿಡಿಯ ದಪ್ಪ 12.7 ಮಿ.ಮೀ. ಇದ್ದರೆ ಅದು ಕಂಡಿಯೊಳಗೆ ಇಳಿಯುವುದಿಲ್ಲ, ಅಲಗು ಎಷ್ಟುದ್ದವೋ ಅಷ್ಟೇ ಆಳ. 45 ಮಿ.ಮೀ. ಆಳದ ಕಂಡಿಗೆ 50 ಮಿ.ಮೀ. ಅಲಗಿನದನ್ನು ತೆಗೆದುಕೊಂಡೆ. ಒಂದೇ ಸಲಕ್ಕೆ ಇಳಿಸದೆ ಮೂರು ನಾಲ್ಕು ಮಿ.ಮೀ.ನಂತೆ ಇಳಿಸುತ್ತೇನೆ.

ನನಗೆ ಅತ್ಯಂತ ಪ್ರಿಯವಾದದ್ದು ಎರಡನೆಯದು, ಬೇರಿಂಗ್ ಇರುವ ರಿಬೇಟ್ ಬಿಟ್. ಅಗಲ 9.5 ಮಿ.ಮೀ. ಬಾಗಿಲನ್ನು ಅಂಟು ಹಾಕಿ ಜೋಡಿಸಿದ ಮೇಲೆ ಒಳಗಿನಿಂದ ಸುತ್ತ ಓಡಿಸಿದರೆ ಸಾಕು. ಕೀಲಿನ ಭುಜಗಳನ್ನು, ಅಂದರೆ ನಾಲಿಗೆಯ ಬುಡದ ಎರಡು ಬದಿಗಳನ್ನು, ಏರುಪೇರಾಗಿ ಕತ್ತರಿಸುವ ತಲೆನೋವೇ ಇಲ್ಲ. ಆಳ 12 ಮಿ.ಮೀ. ಮೀರದಂತೆ ನೋಡಿಕೊಂಡರೆ ನಾಲಿಗೆಗೆ ತಾಗುವುದಿಲ್ಲ. ಮೂಲೆಗಳು ದುಂಡಗೆ ಉಳಿಯುತ್ತವೆ, ಉಳಿಯಿಂದ ಚೌಕ ಮಾಡಬೇಕು. ಚೌಕಟ್ಟಿನ ಒಳಗೆ ರೂಟರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ನಡೆಸಬೇಕು. ತಿರುಗಾಮುರುಗಾ ಆದರೆ ಬಿಟ್ ಮರವನ್ನು ಕಚ್ಚಿ ಕೈಯಿಂದ ಎಳೆದುಕೊಂಡು ಓಡುತ್ತದೆ.

ಮೂರನೆಯದು 45 ಡಿಗ್ರಿಯ ಓರೆ ಬಿಟ್. ಮುಂದಿನ ಅಂಚಿಗೆ ಓರೆ ಕೊಟ್ಟು, ಮೂಲೆಗೆ ಸ್ವಲ್ಪ ಮುಂಚೆಯೇ ನಿಲ್ಲಿಸುತ್ತೇನೆ. ಹಾಗೆ ನಿಲ್ಲಿಸಿದ್ದಕ್ಕೇ ಮೂಲೆಯಲ್ಲಿ ಆಕಾರ ಹೊಂದಿಸುವ ಕೆಲಸ ತಪ್ಪಿತು.

ಹಿಡಿಯ ಅಳತೆಯಲ್ಲಿ ಮಾತ್ರ ರಾಜಿ ಬೇಡ. ಕಾಲು ಇಂಚು ಎಂದರೆ 6.35 ಮಿ.ಮೀ.; 6 ಮಿ.ಮೀ. ಹಿಡಿಯ ಬಿಟ್ಟೂ ಅಂಗಡಿಯ ಅದೇ ಗಾಜಿನ ಕಪಾಟಿನಲ್ಲಿರುತ್ತದೆ. ಕಾಲೆಟ್‌ಗೆ, ಅಂದರೆ ಹಿಡಿಯನ್ನು ಬಿಗಿಹಿಡಿಯುವ ರೂಟರಿನ ಬಾಯಿಗೆ, ಸರಿಹೊಂದದ್ದು ಓಡುವಾಗ ಜಾರುತ್ತದೆ, ಅಪಾಯ. ತೇಗದಲ್ಲಿ ಸಿಲಿಕಾ ಇರುವುದರಿಂದ ಬರಿಯ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ತುದಿಯದೇ ಬೇಕು. ಹಳೆಯ ಮನೆಯ ತೇಗ ಬಳಸುವುದಾದರೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಒಂದು ಮೊಳೆ ಸಾಕು ಕಾರ್ಬೈಡ್ ಚೂರು ಹಾರಲು.

ಗಾಜು 4 ಮಿ.ಮೀ. ದಪ್ಪದ್ದು. ರಿಬೇಟಿನ ಅಳತೆಗಿಂತ ಪ್ರತಿ ಬದಿಗೂ 2 ಮಿ.ಮೀ. ಕಡಿಮೆ ಮಾಡಿ ಕತ್ತರಿಸಲು ಹೇಳುತ್ತೇನೆ. ರಿಬೇಟಿನ 12 ಮಿ.ಮೀ. ಆಳದಲ್ಲಿ ಗಾಜು ಹೋಗಿ ಉಳಿದ 8 ಮಿ.ಮೀ.ನಲ್ಲಿ ಬೀಡಿಂಗ್, ಅಂದರೆ ಗಾಜನ್ನು ಹಿಡಿಯುವ ತೆಳು ಪಟ್ಟಿ, ಕೂರುತ್ತದೆ.