ಬರೀ ‘ಎ1’ ಗುರುತು ನಂಬಿ ಪಾರ್ಟ್ ಹಾಕಬೇಡಿ

ಲ್ಯಾಪ್‌ಟಾಪ್ ಬೋರ್ಡಿನಲ್ಲಿ ಗೊತ್ತಿಲ್ಲದ ಪಾರ್ಟ್ ಸಿಕ್ಕಾಗ ಅದರ ಮೇಲಿನ ಅಕ್ಷರಗಳನ್ನು ನಾನು ಕೊನೆಗೆ ಓದುತ್ತೇನೆ. ಎಸ್‌ಒಟಿ-23 ಎಂಬ ಮೂರು ಕಾಲಿನ ಪುಟ್ಟ ಪ್ಯಾಕೇಜಿನ ಮೈಮೇಲೆ ಪೂರ್ತಿ ಹೆಸರು ಹಿಡಿಯುವುದಿಲ್ಲ, ಹಾಗಾಗಿ ಚುಟುಕು ಕೋಡ್ ಹಾಕಿರುತ್ತಾರೆ. ಆ ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ. ‘ಎ1’ ಎಂದು ಶುರುವಾದದ್ದು ಬಿಎಡಬ್ಲ್ಯೂ56 ಜೋಡಿ ಡಯೋಡ್ ಇರಬಹುದು, ಎಸ್‌ಐ2301 ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಕೂಡ ಇರಬಹುದು.

ಮೊದಲು ನೋಡುವುದು ಪಕ್ಕದಲ್ಲಿ ಬೋರ್ಡಿನ ಮೇಲೇ ಅಚ್ಚಾದ ಹೆಸರು. ಕ್ಯೂ ಇದ್ದರೆ ಟ್ರಾನ್ಸಿಸ್ಟರ್ ಅಥವಾ ಮಾಸ್‌ಫೆಟ್, ಡಿ ಇದ್ದರೆ ಡಯೋಡ್. ಮುಂದೆ ಪಿ ಸೇರಿದ್ದರೆ (ಪಿಕ್ಯೂ, ಪಿಯು, ಪಿಎಲ್) ಹೆಚ್ಚಾಗಿ ಪವರ್ ಸೆಕ್ಷನ್. ‘ಎ1’ ಗೊಂದಲ ಇಲ್ಲೇ ಮುಗಿಯುತ್ತದೆ. ಸ್ಕೀಮ್ಯಾಟಿಕ್ (ಬೋರ್ಡಿನ ಸರ್ಕ್ಯೂಟ್ ನಕ್ಷೆ) ಹುಡುಕುವುದು ಬೋರ್ಡ್ ನಂಬರಿನಿಂದ, ಲ್ಯಾಪ್‌ಟಾಪ್ ಮಾಡೆಲಿನಿಂದಲ್ಲ. ಒಂದೇ ಮಾಡೆಲಿಗೆ ಎರಡು ಮೂರು ಥರದ ಬೋರ್ಡ್ ಬಂದಿರುತ್ತವೆ. ಅಂದಹಾಗೆ, ಖಾಲಿ ಪ್ಯಾಡ್ (ಪಾರ್ಟ್ ಬೆಸುಗೆ ಹಾಕುವ ಜಾಗ) ಕಂಡ ಕೂಡಲೇ ಪಾರ್ಟ್ ಉದುರಿದೆ ಅಂದುಕೊಳ್ಳಬೇಡಿ. ಫ್ಯಾಕ್ಟರಿಯಲ್ಲೇ ಹಾಕದೆ ಬಿಟ್ಟ ಜಾಗಗಳು ಹೆಚ್ಚಿನ ಬೋರ್ಡುಗಳಲ್ಲಿ ಇರುತ್ತವೆ.

ಸ್ಕೀಮ್ಯಾಟಿಕ್ ಸಿಗದಿದ್ದರೆ ಮೀಟರೇ ಗತಿ. ಎಂಟು ಕಾಲಿನ ಸಿಂಗಲ್ ಮಾಸ್‌ಫೆಟ್‌ನಲ್ಲಿ ಸಾಮಾನ್ಯವಾಗಿ 1ರಿಂದ 3 ಸೋರ್ಸ್, 4 ಗೇಟ್, 5ರಿಂದ 8 ಡ್ರೈನ್. ಕಿತ್ತು ಹೊರಗಿಟ್ಟು ಡಯೋಡ್ ಮೋಡ್‌ನಲ್ಲಿ ಕೆಂಪು ಪ್ರೋಬ್ ಸೋರ್ಸ್‌ಗೆ, ಕಪ್ಪು ಡ್ರೈನ್‌ಗೆ ಇಟ್ಟಾಗ 0.4ರಿಂದ 0.6 ವೋಲ್ಟ್ ತೋರಿಸಿದರೆ ಎನ್-ಚಾನೆಲ್. ತಿರುಗಿಸಿ ಇಟ್ಟಾಗ ತೋರಿಸಿದರೆ ಪಿ-ಚಾನೆಲ್. ಅಳೆಯುವ ಮುಂಚೆ ಗೇಟನ್ನು ಸೋರ್ಸ್‌ಗೆ ಮುಟ್ಟಿಸಿ ಡಿಸ್ಚಾರ್ಜ್ ಮಾಡಿ, ಇಲ್ಲದಿದ್ದರೆ ಒಳ್ಳೆಯ ಪಾರ್ಟೂ ಶಾರ್ಟ್ ಎಂದು ತೋರಿಸಬಹುದು.

ತಲೆನೋವು 0402 ಅಳತೆಯ ಪುಟಾಣಿ ರೆಸಿಸ್ಟರ್. ಮೈಮೇಲೆ ಏನೂ ಬರೆದಿರುವುದಿಲ್ಲ. ಇಲ್ಲಿ ಪಕ್ಕದ ಐಸಿಯೇ ದಾರಿ ತೋರಿಸುತ್ತದೆ. 3.3 ಮತ್ತು 5 ವೋಲ್ಟ್ ಕೊಡುವ ಟಿಪಿಎಸ್51125 ತನ್ನ ಫೀಡ್‌ಬ್ಯಾಕ್ ಪಿನ್ನನ್ನು (ಔಟ್‌ಪುಟ್ ಎಷ್ಟಿದೆ ಎಂದು ಐಸಿ ನೋಡುವ ಕಾಲು) 2 ವೋಲ್ಟ್‌ನಲ್ಲಿ ಹಿಡಿದಿಡುತ್ತದೆ. ಔಟ್‌ಪುಟ್‌ನಿಂದ ಆ ಪಿನ್ನಿಗೆ ಒಂದು ರೆಸಿಸ್ಟರ್, ಪಿನ್ನಿನಿಂದ ಗ್ರೌಂಡಿಗೆ ಇನ್ನೊಂದು. ಕೆಳಗಿನದು, ಅಂದರೆ ಗ್ರೌಂಡಿನ ಕಡೆಯದು, 20ಕೆ (20 ಕಿಲೋಓಮ್) ಉಳಿದಿದ್ದು ಮೇಲಿನದು ಸುಟ್ಟಿದ್ದರೆ: 5 ವೋಲ್ಟ್ ಕಡೆ 30ಕೆ ಬೇಕು (2 × (1 + 30/20) = 5), 3.3ರ ಕಡೆ 13ಕೆ. ಉಳಿದ 20ಕೆಯನ್ನೂ ಒಂದು ತುದಿ ಎತ್ತಿಯೇ ಅಳೆಯಿರಿ. ಬೋರ್ಡ್ ಮೇಲೆ ಸಮಾಂತರ ದಾರಿಗಳಿಂದ ಕಡಿಮೆ ತೋರಿಸುತ್ತದೆ.

ಅಂದಾಜಿನ ಮೇಲೆ 30ಕೆ ಬದಲು 43ಕೆ ಹಾಕಿದರೆ 6.3 ವೋಲ್ಟ್ ಹೊರಡುತ್ತದೆ. ಓವರ್‌ವೋಲ್ಟೇಜ್ ರಕ್ಷಣೆಯೂ ಫೀಡ್‌ಬ್ಯಾಕ್ ಪಿನ್ನನ್ನೇ ನೋಡುವುದರಿಂದ, ಅಲ್ಲಿ 2 ವೋಲ್ಟ್ ಸರಿಯಾಗಿ ಕಂಡು ಅದು ಸುಮ್ಮನಿರುತ್ತದೆ. ಸುಡುವುದು ಆ ಲೈನಿನ ಮೇಲೆ ಕೂತ ಉಳಿದ ಪಾರ್ಟುಗಳು.

ಸೆರಾಮಿಕ್ ಕೆಪಾಸಿಟರ್ ವಿಷಯದಲ್ಲಿ ಅದೇ ಲೈನಿನ ಅದೇ ಅಳತೆಯ ನೆರೆಯವನನ್ನು ಕಿತ್ತು ಅಳೆದರೆ ಕೆಪಾಸಿಟೆನ್ಸ್ ಎಷ್ಟೆಂದು ಸಿಗುತ್ತದೆ, ವೋಲ್ಟೇಜ್ ರೇಟಿಂಗ್ ಸಿಗುವುದಿಲ್ಲ. ಅಡಾಪ್ಟರಿನಿಂದ ಬರುವ 19 ವೋಲ್ಟ್ ಲೈನಿಗೆ 25 ವೋಲ್ಟ್‌ಗಿಂತ ಕಡಿಮೆಯದನ್ನು ನಾನು ಹಾಕುವುದಿಲ್ಲ. ಸ್ಕ್ರ್ಯಾಪ್ ಬೋರ್ಡಿನಿಂದ ತೆಗೆಯುವುದಾದರೂ ಅದರ 19 ವೋಲ್ಟ್ ಲೈನಿನಿಂದಲೇ ತೆಗೆಯುತ್ತೇನೆ.