ಗೋಲು ಕಮ್ಮಿಯಾದ ಫಾರ್ವರ್ಡ್‌ನನ್ನು ನಾನು ಅಳೆದ ಬಗೆ

ಪಿಂಪ್ರಿಯ ನೆಹರೂನಗರದಲ್ಲಿರುವ ಧ್ಯಾನ್ ಚಂದ್ ಟರ್ಫ್‌ನ ಮೆಟ್ಟಿಲ ಮೇಲೆ ಕೂತು, ನಮ್ಮ ಹಾಕಿ ತಂಡದ ಹಿರಿಯ ಫಾರ್ವರ್ಡ್ ಒಬ್ಬನನ್ನೇ ಆರು ಪಂದ್ಯ ನೋಡಿದೆ. ಪೊನ್ನಂಪೇಟೆ ಕಡೆಯ ಹುಡುಗ, ಕೆಲಸಕ್ಕೆಂದು ಪುಣೆಗೆ ಬಂದವನು. ಈಗ 35. ಹೋದ ಸೀಸನ್ನಿನಲ್ಲಿ ಎರಡೇ ಗೋಲು. "ಇವನನ್ನು ಬಿಡೋಣವಾ?" ಅಂತ ಕಮಿಟಿಯವರು ನನ್ನನ್ನೇ ಕೇಳಿದರು. ನಾನು ಧಾರವಾಡದವನು, ತಂಡದಲ್ಲಿ ನಾವಿಬ್ಬರೇ ಕನ್ನಡದವರು. ಅದಕ್ಕೇ ಇನ್ನಷ್ಟು ಹುಷಾರಾಗಿ ಅಳೆಯಬೇಕಿತ್ತು.

ಗೋಲು ಎಣಿಸುವುದನ್ನು ಬಿಟ್ಟೆ. ಪಂದ್ಯಕ್ಕೆ ನಾಲ್ಕು ಕ್ವಾರ್ಟರ್, ನೋಟ್‌ಬುಕ್ಕಿನಲ್ಲಿ ಕ್ವಾರ್ಟರಿಗೊಂದು ಪುಟ. ಗೋಲಿನ ಗೆರೆಯಿಂದ 23 ಮೀಟರ್ ದೂರದ ಗೆರೆ, ಗೋಲಿನ ಮುಂದಿನ ಅರ್ಧವೃತ್ತ ಅಂದರೆ ಸರ್ಕಲ್ ಬಿಡಿಸಿ, ಚೆಂಡು ಅವನಿಗೆ ಸಿಕ್ಕಲ್ಲಿ ಚುಕ್ಕೆ ಇಟ್ಟೆ, ಅದು ಹೋದ ದಾರಿಗೆ ಗೆರೆ ಎಳೆದೆ.

ಮೂರನೇ ಪಂದ್ಯದ ಒಂದು ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲಗಡೆ ಸೈಡ್‌ಲೈನ್ ಹತ್ತಿರ ಚೆಂಡು ಬಂತು. ಸ್ಟಿಕ್ಕಿನಲ್ಲಿ ಚೆಂಡು ತಡೆದದ್ದು (ಟ್ರ್ಯಾಪ್) ಚೊಕ್ಕ. ಭುಜ ಎಡಕ್ಕೆ ವಾಲಿಸಿ ಚೆಂಡನ್ನು ಬಲಕ್ಕೆ ತಳ್ಳಿದ, ಡಿಫೆಂಡರ್ ಪೂರ್ತಿ ಮೋಸಹೋದ. ಹತ್ತು ವರ್ಷದ ಹಿಂದಾಗಿದ್ದರೆ ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಈಗ ಅವನು ಮೂರು ಹೆಜ್ಜೆ ಇಡುವಷ್ಟರಲ್ಲಿ ಆ ಡಿಫೆಂಡರ್ ತಿರುಗಿ ಬಂದು ಸ್ಟಿಕ್ ಚಾಚಿಬಿಟ್ಟ. ಕೈಚಳಕ ಎಲ್ಲೂ ಹೋಗಿಲ್ಲ, ಹೋದದ್ದು ಆ ಮೂರು ಹೆಜ್ಜೆ. ಪುಟ ತಿರುವಿದರೆ ಬಲಗಡೆಯ ಗೆರೆಗಳೆಲ್ಲ ಸರ್ಕಲ್ ಮುಟ್ಟುವ ಮೊದಲೇ ತುಂಡಾಗಿದ್ದವು. ನೋಡಿ ಸಂಕಟವಾಯಿತು.

ಆದರೆ ಸರ್ಕಲ್‌ನ ನೆತ್ತಿಯ ಬಳಿ ಚುಕ್ಕೆಗಳು ಬೇರೆಯದೇ ಹೇಳುತ್ತಿದ್ದವು. ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿಯುತ್ತಾನೆ, ಕಾಯುತ್ತಾನೆ, ಒಳಗೆ ತಿರುಗುತ್ತಲೇ ಡಿಫೆಂಡರನ ಪಾದಕ್ಕೆ ಚೆಂಡು ತಾಗಿಸುತ್ತಾನೆ. ಸರ್ಕಲ್ ಒಳಗೆ ಡಿಫೆಂಡರನ ಪಾದಕ್ಕೆ ತಾಗಿದರೆ ಗೋಲು ಹೊಡೆಯಲು ನಮಗೊಂದು ಅವಕಾಶ, ಪೆನಾಲ್ಟಿ ಕಾರ್ನರ್! ಆರು ಪಂದ್ಯಗಳಲ್ಲಿ ನಮಗೆ ಸಿಕ್ಕ ಕಾರ್ನರ್‌ಗಳಲ್ಲಿ ಅರ್ಧಕ್ಕರ್ಧ ಇವನು ತಂದವು. ಆ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಚಿಮ್ಮಿಸಿದವನ (ಡ್ರ್ಯಾಗ್‌ಫ್ಲಿಕ್) ಹೆಸರು ಸ್ಕೋರ್‌ಶೀಟಿಗೆ ಬರುತ್ತದೆ, ಇವನದು ಎಲ್ಲೂ ಬರುವುದಿಲ್ಲ. ಎದುರಾಳಿ ತಮ್ಮ ಗೋಲಿನ ಕಡೆಯಿಂದ ಚೆಂಡು ಬಿಡುವಾಗಲೂ ಅಷ್ಟೇ. ಇವನು ಓಡಿ ಕಿತ್ತುಕೊಳ್ಳುವುದಿಲ್ಲ, ಒಂದು ದಾರಿ ಮುಚ್ಚಿ ನಿಲ್ಲುತ್ತಾನೆ. ಚೆಂಡು ನಮ್ಮ ಹುಡುಗರು ಕಾಯುತ್ತಿರುವ ಕಡೆಗೇ ಬರುತ್ತದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಮಾತ್ರ ಅದೂ ಸಡಿಲ, ಕಾಲು ಭಾರವಾಗಿ ಅರ್ಧ ಸೆಕೆಂಡ್ ತಡ.

ಕಮಿಟಿಗೆ ನಾನು ಹೇಳಿದ್ದು: ಬದಿಯಲ್ಲಿ, ಅಂದರೆ ವಿಂಗ್‌ನಲ್ಲಿ ಬೇಡ, ನಡುವೆ ಆಡಲಿ. ಒಮ್ಮೆಗೆ ನಾಲ್ಕೈದು ನಿಮಿಷ ಆಡಿಸಿ ಹೊರಗೆ ಕರೆಯೋಣ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರನನ್ನು ಬದಲಿಸಬಹುದಲ್ಲ, ಆ ಅನುಕೂಲ ಇಂಥವರಿಗಲ್ಲದೆ ಇನ್ಯಾರಿಗೆ? ಅವನಿಂದ ಗೋಲು ಕೇಳಬೇಡಿ ಅಂತಲೂ ಅಂದೆ.

ಅವನಿಗೆ ಹೇಳುವುದೇ ಕಷ್ಟವಾಯಿತು. ಬೆಂಚಿನಲ್ಲಿ ಕೂತು ಗ್ರಿಪ್ ಟೇಪ್ ಬಿಚ್ಚುತ್ತಿದ್ದ.

"ಸರ್, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡುವಾಗ ಧನರಾಜ್‌ಗೆ 36 ಅಲ್ವಾ?"

ಭಾರತ ತಂಡದ ಫಾರ್ವರ್ಡ್ ಆಗಿದ್ದ ಧನರಾಜ್ ಪಿಳ್ಳೆ ಹುಟ್ಟಿದ ಖಡ್ಕಿ ಅಲ್ಲಿಂದ ದೂರವೇನಲ್ಲ. "ಹೌದಪ್ಪ, 2004ರಲ್ಲಿ 36" ಅಂದೆ. "ನೀನೂ ಆಡ್ತೀಯ. ಆದರೆ ರೈಟ್ ವಿಂಗ್‌ನಲ್ಲಿ ಅಲ್ಲ."

ನೋಟ್‌ಬುಕ್ ಕೊಟ್ಟೆ. ಬಹಳ ಹೊತ್ತು ಚುಕ್ಕೆಗಳ ಮೇಲೆ ಬೆರಳಾಡಿಸಿದ. ತುಂಡಾದ ಗೆರೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಸರ್ಕಲ್ ಅಂಚಿನ ಒಂದು ಚುಕ್ಕೆ ತೋರಿಸಿ, "ಇದು ತಪ್ಪು ಸರ್, ಇಲ್ಲಿ ನಾನು ಒಳಗಿದ್ದೆ" ಅಂದ.

ನೆನಪು ಮಾಡಿಕೊಂಡೆ. ಅವನು ಹೇಳಿದ್ದೇ ಸರಿ. ಚುಕ್ಕೆ ಅಳಿಸಿ ಒಳಗೆ ಹಾಕಿದೆ.