ಮೂರು ರಾಯರ ಹಬ್ಬದ ತನಕ ಗರಿಗರಿ ಕುಸ್ವಾರ್

ಕ್ರಿಸ್ಮಸ್‌ಗೆಂದು ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಮಾಡುವ ತಿಂಡಿಗಳ ಸಾಲೇ ಕುಸ್ವಾರ್. ಅದು ಹಾಳಾಗುವುದು ಬಾಣಲೆಯಲ್ಲಿ ಕಡಿಮೆ, ಡಬ್ಬಿಯಲ್ಲಿ ಹೆಚ್ಚು. ಡಿಸೆಂಬರ್ 24ರಂದು ಕಟಕಟ ಎನ್ನುತ್ತಿದ್ದ, ಸಕ್ಕರೆ ಹೊದಿಸಿದ ಸುರುಳಿ ಕಿಡ್ಯೊ ಹೊಸ ವರ್ಷದ ಹೊತ್ತಿಗೆ ಹಲ್ಲಿಗೆ ಅಂಟುತ್ತದೆ, ಕರ್ಜಿಕಾಯಿಯಂಥ ನೆವ್ರಿಯ ಅಂಚು ಮೆತ್ತಗಾಗುತ್ತದೆ, ಮೆಕರೂನ್‌ಗಳು ಒಂದಕ್ಕೊಂದು ಹಿಡಿದುಕೊಂಡು ಉಂಡೆಯಾಗುತ್ತವೆ. ಮಂಗಳೂರಿನ ಗಾಳಿಯಲ್ಲಿ ಡಿಸೆಂಬರಿನಲ್ಲೂ ತೇವ ಇದ್ದೇ ಇರುತ್ತದೆ. ಹಾಗಾಗಿ ಕೆಳಗೆ ಕೊಟ್ಟಿರುವ ಅಳತೆ, ಉರಿ, ಹೊತ್ತು ಎಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ತಿಂಡಿಯೊಳಗಿನ ನೀರು ಪೂರ್ತಿ ಹೊರಗೆ ಹೋಗಬೇಕು, ಹೊರಗಿನದ್ದು ಒಳಗೆ ಬರಬಾರದು. ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬದ ತನಕ ಗರಿಗರಿ ಉಳಿದರೆ ಪಾಸು.

ಮೊದಲು ಅಳತೆಯ ಕಪ್ಪನ್ನು ಬದಿಗಿಡಿ. ಜರಡಿ ಹಿಡಿದು ಸಡಿಲವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ತೂಗಿದರೆ ಡಬ್ಬಿಯೊಳಗೆ ಅದ್ದಿ ತೆಗೆದದ್ದು 150 ಗ್ರಾಂ ಆದೀತು. ಇಷ್ಟು ವ್ಯತ್ಯಾಸಕ್ಕೇ ಹಿಟ್ಟು ಒಮ್ಮೆ ಬಿಗಿ, ಒಮ್ಮೆ ಜಿಗುಟು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಎಣ್ಣೆಗೆ ಇಳಿಬಿಡುವ ಥರ್ಮಾಮೀಟರ್, ಓಟಿಜಿಯೊಳಗೆ (ಮನೆಬಳಕೆಯ ಚಿಕ್ಕ ವಿದ್ಯುತ್ ಒವನ್) ಇಡುವ ಸಣ್ಣ ಥರ್ಮಾಮೀಟರ್, ಈ ಮೂರಕ್ಕೆ ಹಾಕಿದ ದುಡ್ಡು ಹಾಳಾದ ಎರಡು ಕಿಲೋ ಗೋಡಂಬಿಗಿಂತ ಅಗ್ಗ. ಓಟಿಜಿಯ ತಿರುಗಿಸುವ ಗುಂಡಿಯ ಮೇಲೆ ಬರೆದ ಅಂಕಿಯನ್ನು ನಾನು ನಂಬುವುದಿಲ್ಲ. 150 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸಿದರೆ ಒಳಗೆ 170 ಇರುವುದು ಸಾಮಾನ್ಯ. ನಾನ್‌ಖಟಾಯಿ ಅದನ್ನು ತಡೆದುಕೊಂಡೀತು, ಮೆಕರೂನ್ ತಡೆಯದು.

ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳಗಳು. ಮುಂಬೈ, ಗೋವಾ ಕಡೆ ಇದೇ ಕುಲ್‌ಕುಲ್. ಅರ್ಧ ಕಿಲೋ ಮೈದಾಕ್ಕೆ ಅರ್ಧ ಚಮಚ ಉಪ್ಪು, 30 ಗ್ರಾಂ ಪುಡಿಸಕ್ಕರೆ ಸೇರಿಸಿ ಜರಡಿ ಹಿಡಿಯುತ್ತೇನೆ. 40 ಗ್ರಾಂ ತುಪ್ಪವನ್ನು ಬಿಸಿ ಮಾಡಿ ಸುರಿದು, ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವಷ್ಟು ಬೆರಳಲ್ಲಿ ಉಜ್ಜಬೇಕು. ಆಮೇಲೆ ಒಂದು ಮೊಟ್ಟೆ, ಅದರ ಮೇಲೆ ಸ್ವಲ್ಪಸ್ವಲ್ಪವಾಗಿ 170ರಿಂದ 180 ಮಿಲಿ ದಪ್ಪ ತೆಂಗಿನಹಾಲು. ಪೂರಿ ಹಿಟ್ಟಿನ ಹದ ಬಂದರೆ ಸಾಕು, ಚಪಾತಿಯಷ್ಟು ಮೃದು ಬೇಡ. ಎಂಟು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಒತ್ತಿದ ಹಿಟ್ಟು ವಾಪಸ್ ಎಳೆದುಕೊಂಡು ದಪ್ಪವಾಗುತ್ತದೆ.

ಅರೆನೆಲ್ಲಿಕಾಯಿಗಿಂತ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ, ತುದಿಯಿಂದ ಸುರುಳಿ ಸುತ್ತಿ ತೆಗೆಯಬೇಕು. ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆ ಆದರೆ ಗೆರೆ ಇನ್ನೂ ಚಂದ. ಗೆರೆ ಬರೀ ಅಂದಕ್ಕಲ್ಲ. ಒತ್ತಿದಾಗ ಹಿಟ್ಟು ತೆಳ್ಳಗಾಗುತ್ತದೆ, ಸುರುಳಿಯ ನಡುವೆ ಟೊಳ್ಳು ಉಳಿಯುತ್ತದೆ, ಎಣ್ಣೆ ಒಳಗೂ ಹೋಗಿ ಬೇಯಿಸುತ್ತದೆ. ಆತುರದಲ್ಲಿ ದಪ್ಪ ಬಿಟ್ಟ ಕಿಡ್ಯೊ ಹೊರಗೆ ಕೆಂಪಾದರೂ ನಡುವೆ ಹಸಿ, ಮೂರನೇ ದಿನಕ್ಕೆ ಆ ಹಸಿಯೇ ಹೊರಗೆ ಬಂದು ಇಡೀ ಡಬ್ಬಿಯನ್ನು ಮೆತ್ತಗೆ ಮಾಡುತ್ತದೆ. ಸುರುಳಿಯ ಕೊನೆಯನ್ನು ಒತ್ತಿ ಅಂಟಿಸಲು ಮರೆಯಬೇಡಿ, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಬರೀ ಪಟ್ಟಿಯಾಗುತ್ತದೆ.

ಎಣ್ಣೆ 160 ಡಿಗ್ರಿ. ಬಾಣಲೆಗೆ ಹಾಕಿದ ತಕ್ಷಣ ಜೋರಾಗಿ ನೊರೆಗುಳ್ಳೆ ಏಳುತ್ತದೆ, ಅದು ಹಿಟ್ಟಿನ ನೀರು ಆವಿಯಾಗಿ ಓಡುತ್ತಿರುವುದು. ಐದಾರು ನಿಮಿಷದಲ್ಲಿ ಗುಳ್ಳೆ ಸಣ್ಣದಾಗಿ, ಸದ್ದು ಇಳಿಯುತ್ತದೆ. ನಾನು ತೆಗೆಯುವುದು ಬಣ್ಣ ನೋಡಿ ಅಲ್ಲ, ಗುಳ್ಳೆ ನಿಂತದ್ದು ನೋಡಿ. ಗುಳ್ಳೆ ನಿಲ್ಲುವ ಮೊದಲೇ ಬಣ್ಣ ಬಂದರೆ ಉರಿ ಜಾಸ್ತಿ ಎಂದರ್ಥ, ಮುಂದಿನ ಒಬ್ಬೆಗೆ ಇಳಿಸಬೇಕು. ಕಿಡ್ಯೊಗೆ ತೆಂಗಿನೆಣ್ಣೆಯೇ ಸೈ. ಗಾಣದ ತೆಂಗಿನೆಣ್ಣೆ 175ರ ಆಸುಪಾಸಿನಲ್ಲಿ ಹೊಗೆಯಾಡಲು ಶುರುಮಾಡುವುದರಿಂದ, ಹೆಚ್ಚು ಬಿಸಿ ಬೇಡುವ ರೋಸ್ ಕುಕ್ಕೀಸ್‌ಗೆ ಮಾತ್ರ ಸೂರ್ಯಕಾಂತಿ ಎಣ್ಣೆಗೆ ಬದಲಾಯಿಸುತ್ತೇನೆ.

ಸಕ್ಕರೆ ಹೊದಿಕೆಯಲ್ಲಿ ಹೆಚ್ಚಿನವರು ಸೋಲುತ್ತಾರೆ. 200 ಗ್ರಾಂ ಸಕ್ಕರೆಗೆ 70 ಮಿಲಿ ನೀರು, ಎರಡೆಳೆ ಪಾಕ, ಥರ್ಮಾಮೀಟರಿನಲ್ಲಿ 112. ಒಲೆ ಆರಿಸಿ, ಪೂರ್ತಿ ತಣಿದ ಕಿಡ್ಯೊ ಸುರಿದು ಮರದ ಸೌಟಿನಿಂದ ಮೊಗಚುತ್ತಿರಬೇಕು. ಎರಡು ನಿಮಿಷ ಏನೂ ಆಗದ ಹಾಗೆ ಹೊಳೆಯುತ್ತಿರುತ್ತದೆ, ಮೂರನೆಯ ನಿಮಿಷದಲ್ಲಿ ಇದ್ದಕ್ಕಿದ್ದಂತೆ ಮಂಕಾಗಿ ಬೆಳ್ಳಗೆ ಹರಳುಗಟ್ಟುತ್ತದೆ. ಒಂದೆಳೆಗೇ ಇಳಿಸಿದರೆ ಪಾಕದಲ್ಲಿ ನೀರು ಉಳಿದಿರುತ್ತದೆ, ಹೊಳಪು ಚೆನ್ನಾಗಿ ಕಂಡರೂ ಬೆಳಗಾಗುವಷ್ಟರಲ್ಲಿ ಅಂಟು. ಪಾಕವೇ ಪಾತ್ರೆಯಲ್ಲಿ ಗಟ್ಟಿಯಾಗಿಬಿಟ್ಟರೆ ಎರಡು ಚಮಚ ನೀರು ಹಾಕಿ ಕರಗಿಸಿ ಮತ್ತೆ 112ಕ್ಕೆ ತನ್ನಿ.

ಇನ್ನು ಕೊಕ್ಕಿಸಾಂ, ಅಂದರೆ ಹೂವಿನಾಕಾರದ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ರೋಸ್ ಕುಕ್ಕೀಸ್. ಕೇರಳದವರ ಅಚ್ಚಪ್ಪಂ. ಹಿಟ್ಟು ಸುಲಭ, ಅಚ್ಚು ಕಷ್ಟ. 250 ಗ್ರಾಂ ಅಕ್ಕಿಹಿಟ್ಟು, 50 ಗ್ರಾಂ ಮೈದಾ, 90 ಗ್ರಾಂ ಪುಡಿಸಕ್ಕರೆ, ಒಂದು ಮೊಟ್ಟೆ, ಚಿಟಿಕೆ ಉಪ್ಪು, ಒಂದು ಚಮಚ ಕರಿಎಳ್ಳು, ಸುಮಾರು 350 ಮಿಲಿ ತೆಂಗಿನಹಾಲು. ನೀರುದೋಸೆಯ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು. ಸೌಟಿನ ಬೆನ್ನಿಗೆ ಹಿಡಿದ ಹಿಟ್ಟಿನ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಆ ಗೆರೆ ಮುಚ್ಚಬಾರದು. ಸಕ್ಕರೆ ಸಿಹಿಗೆಂದು ಹೆಚ್ಚಿಸಿದರೆ ಬೇಗ ಕಪ್ಪಾಗುತ್ತದೆ, ಅಚ್ಚಿಗೂ ಕಚ್ಚಿಕೊಳ್ಳುತ್ತದೆ. ಮೈದಾ ಹೆಚ್ಚಿದರೆ ಮೆತ್ತಗಾಗುತ್ತದೆ.

ಹೊಸ ಅಚ್ಚನ್ನು ಒಂದು ರಾತ್ರಿ ಗಂಜಿನೀರಿನಲ್ಲಿ ನೆನೆಸಿ, ಒರೆಸಿ, ಬಿಸಿ ಎಣ್ಣೆಯಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಹಾಗೆ ಮಾಡಿದರೂ ಮೊದಲ ನಾಲ್ಕೈದು ಹರಿದೇ ಬರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಣ್ಣೆ 175. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಎತ್ತಿ, ತೊಟ್ಟಿಕ್ಕುವ ಎಣ್ಣೆಯನ್ನು ದಪ್ಪ ಬಟ್ಟೆಗೆ ಒಮ್ಮೆ ತಾಗಿಸಿ, ನಂತರ ಹಿಟ್ಟಿಗೆ ಅದ್ದಬೇಕು. ಅದ್ದುವಾಗ ಚುರ್ ಎಂಬ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹಿಡಿಯುವುದಿಲ್ಲ. ಚಟಪಟ ಎಂದು ಹಿಟ್ಟು ಬೆಂದು ಹಿಟ್ಟಿನ ಪಾತ್ರೆಯಲ್ಲೇ ಕಳಚಿಬಿದ್ದರೆ ಅತಿ ಬಿಸಿ. ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಿಸಿ. ಹಿಟ್ಟು ಮೇಲಂಚನ್ನು ದಾಟಿ ಹತ್ತಿದರೆ ಅದೇ ಬೀಗ, ಮತ್ತೆ ಕುಕ್ಕೀಸ್ ಕಳಚುವುದಿಲ್ಲ, ಚಾಕುವಿನಲ್ಲಿ ಕೆರೆಯಬೇಕಾಗುತ್ತದೆ. ಎಣ್ಣೆಗೆ ಇಳಿಸಿ ಇಪ್ಪತ್ತು ಎಣಿಸಿ, ಮೆಲ್ಲಗೆ ಅಲುಗಿಸಿ. ಅಂಚು ಬಿಟ್ಟುಕೊಂಡರೆ ತಾನೇ ಜಾರುತ್ತದೆ, ಬಿಡದಿದ್ದರೆ ಇನ್ನೂ ಐದು ಎಣಿಸಿ, ಎಳೆಯಬೇಡಿ. ಅಕ್ಕಿಹಿಟ್ಟು ತಳಕ್ಕೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ಅದ್ದಬೇಕು. ಕೊನೆಯ ಹತ್ತು ಕುಕ್ಕೀಸ್ ಕಲ್ಲಾಗುವುದು ಹೀಗೆ ಕಲಕದೆ ಬಿಟ್ಟಾಗ.

ಗುಳಿಯೊ ಮಾಡುವವರಿಗೆ ಒಂದು ಎಚ್ಚರಿಕೆ ಮಾತ್ರ. ಅಕ್ಕಿಹಿಟ್ಟಿನ ಉಂಡೆಯ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ಆವಿಗೆ ದಾರಿ ಸಿಗದಿದ್ದರೆ ಎಣ್ಣೆಯಲ್ಲಿ ಸಿಡಿಯುತ್ತದೆ. ಉಂಡೆ ಗೋಲಿಗಿಂತ ದೊಡ್ಡದು ಬೇಡ, ಎಣ್ಣೆ ನಡುಮಟ್ಟದ ಬಿಸಿ, ಕೈಗೆಟಕುವಲ್ಲಿ ಮುಚ್ಚಳ, ಮಕ್ಕಳು ಹೊರಗೆ.

ನೆವ್ರ್ಯೊ ನಮ್ಮ ಕರ್ಜಿಕಾಯಿಯ ಸೋದರಸಂಬಂಧಿ. ಹೂರಣಕ್ಕೆ 150 ಗ್ರಾಂ ಒಣಕೊಬ್ಬರಿ ತುರಿ, 100 ಗ್ರಾಂ ಎಳ್ಳು, 50 ಗ್ರಾಂ ಗೋಡಂಬಿ ಚೂರು, ಒಂದು ಚಮಚ ಗಸಗಸೆ, ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಪೂರ್ತಿ ಆರಿಸಿ, ಆಮೇಲೆ 150 ಗ್ರಾಂ ಪುಡಿಸಕ್ಕರೆ ಮತ್ತು ಏಲಕ್ಕಿ. ಬಿಸಿ ಇರುವಾಗಲೇ ಸಕ್ಕರೆ ಹಾಕಿದರೆ ಕರಗಿ ಉಂಡೆಗಟ್ಟುತ್ತದೆ. ಹಸಿ ತೆಂಗಿನ ತುರಿಯ ರುಚಿಗೆ ಸಾಟಿಯಿಲ್ಲ, ಒಪ್ಪಿದೆ, ಆದರೆ ಎಷ್ಟು ಹುರಿದರೂ ವಾರ ದಾಟುವಷ್ಟರಲ್ಲಿ ಮುಗ್ಗಲು ವಾಸನೆ ಬರುತ್ತದೆ. ಎಣ್ಣೆಯಲ್ಲಿ ನೆವ್ರಿ ಬಾಯಿ ಬಿಡುವುದಕ್ಕೆ ಕಾರಣ ಮೂರೇ: ಹೂರಣ ತುಂಬಿಸಿದ್ದು ಜಾಸ್ತಿ, ಒಳಗೆ ಗಾಳಿ ಉಳಿದದ್ದು, ಅಂಚಿನಲ್ಲಿ ಎಳ್ಳಿನ ಪುಡಿ ಸಿಕ್ಕಿಕೊಂಡದ್ದು. ಮೂರನೆಯದೇ ಹೆಚ್ಚು. ಒಂದು ಬಾಯಿ ಬಿಟ್ಟರೆ ಉದುರಿದ ಎಳ್ಳು, ಸಕ್ಕರೆ ಕಪ್ಪಾಗಿ ಉಳಿದ ಎಣ್ಣೆಯೆಲ್ಲ ಕೆಡುತ್ತದೆ. ಹಾಗಾಗಿ ಕುಸ್ವಾರ್ ಸಾಲಿನಲ್ಲಿ ನೆವ್ರ್ಯೊಗೆ ಕೊನೆಯ ದಿನ, ಅದಾದ ಮೇಲೆ ಆ ಎಣ್ಣೆಗೆ ವಿದಾಯ.

ಮೆಕರೂನ್‌ಗೆ ನಾಲ್ಕು ಮೊಟ್ಟೆಯ ಬಿಳಿ, ಸುಮಾರು 125 ಗ್ರಾಂ. 240 ಗ್ರಾಂ ನುಣ್ಣನೆಯ ಪುಡಿಸಕ್ಕರೆ, 200 ಗ್ರಾಂ ಗೋಡಂಬಿ, ಅರ್ಧ ಚಮಚ ಲಿಂಬೆರಸ. ಗೋಡಂಬಿಯನ್ನು 100 ಡಿಗ್ರಿಯಲ್ಲಿ ಕಾಲು ಗಂಟೆ ಬಣ್ಣ ಬಾರದಂತೆ ಒಣಗಿಸಿ, ಆರಿಸಿ, ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ ತರಿಯಾಗಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಎಣ್ಣೆ, ಹಳದಿಯ ಒಂದು ಹನಿ, ಜಿಡ್ಡಿನ ಪಾತ್ರೆ, ಯಾವುದಿದ್ದರೂ ನೊರೆ ಕುಸಿಯಿತೆಂದೇ ಲೆಕ್ಕ. ಪ್ಲಾಸ್ಟಿಕ್ ಬಟ್ಟಲು ಎಷ್ಟು ತೊಳೆದರೂ ಜಿಡ್ಡು ಬಿಡುವುದಿಲ್ಲ, ಸ್ಟೀಲ್ ಬಳಸಿ, ಲಿಂಬೆ ಹೋಳಿನಿಂದ ಒಮ್ಮೆ ಒರೆಸಿಕೊಳ್ಳಿ. ಮೊಟ್ಟೆಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಒಡೆದು ಬೇರ್ಪಡಿಸಿ, ಆಗ ಹಳದಿ ಒಡೆಯುವುದು ಕಡಿಮೆ. ಕಡೆಯುವುದು ಮಾತ್ರ ಬಿಳಿ ಕೋಣೆಯ ಬಿಸಿಗೆ ಬಂದ ಮೇಲೆ.

ಬಿಳಿ ಮತ್ತು ಲಿಂಬೆರಸ ಕಡೆದು, ನೊರೆಯ ಕೊಂಬು ಮಡಚಿಕೊಳ್ಳುವ ಹಂತ ಬಂದಾಗ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಿ. ಪೂರ್ತಿ ಸೇರಿದ ಮೇಲೆ ಎರಡು ಬೆರಳ ನಡುವೆ ಉಜ್ಜಿ ನೋಡಿ, ಒಂದೂ ಹರಳು ಸಿಗಬಾರದು. ಕರಗದ ಸಕ್ಕರೆಯೇ ಬೇಯುವಾಗ ತಳದಲ್ಲಿ ಪಾಕವಾಗಿ ಒಸರುವುದು. ಗೋಡಂಬಿ ಪುಡಿಯನ್ನು ಮೂರು ಕಂತಿನಲ್ಲಿ ಹಾಕಿ, ಅಡಿಯಿಂದ ಮೇಲಕ್ಕೆ ಮಗುಚಿ, ಹದಿನೈದಿಪ್ಪತ್ತು ತಿರುವಿಗಿಂತ ಹೆಚ್ಚು ಬೇಡ. ಬಟರ್ ಪೇಪರಿನ ಪೊಟ್ಟಣದಿಂದ ಮೊನಚಾಗಿ ಬಿಟ್ಟು, 110 ಡಿಗ್ರಿಯಲ್ಲಿ 70ರಿಂದ 80 ನಿಮಿಷ. ಇದು ಬೇಯಿಸುವುದಕ್ಕಿಂತ ಒಣಗಿಸುವುದು. ಕೊನೆಯ ಹತ್ತು ನಿಮಿಷ ಓಟಿಜಿಯ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸಂದು ಬಿಡಿ, ಆವಿ ಹೋಗಲಿ. ಆರಿಸಿದ ಮೇಲೂ ಒಳಗೇ ತಣಿಯಲಿ. ಕಾಗದದಿಂದ ಸಲೀಸಾಗಿ ಎದ್ದರೆ ಮುಗಿಯಿತೆಂದಲ್ಲ, ಒಂದನ್ನು ಮುರಿದು ನಡುವೆ ಅಂಟಿಲ್ಲವೆಂದು ನೋಡಿ. ಬಣ್ಣ ಕಂದಿದರೆ ಉರಿ ಹೆಚ್ಚಾಯಿತು. ಅಕಾಲ ಮಳೆ ಬಂದ ದಿನ ಮೆಕರೂನ್‌ಗೆ ಕೈ ಹಾಕಬೇಡಿ. ಉಳಿದ ನಾಲ್ಕು ಹಳದಿ ತುಕ್ಡಿಯ (ಶಂಕರಪೋಳಿಯಂಥ ಕರಿದ ತಿಂಡಿ) ಹಿಟ್ಟಿಗೆ, ಅಲ್ಲಿ ಅದು ಹೊನ್ನಿನ ಬಣ್ಣ ಕೊಡುತ್ತದೆ.

ನಾನ್‌ಖಟಾಯಿ ಇದರ ಮುಂದೆ ಮಕ್ಕಳಾಟ. 100 ಗ್ರಾಂ ತುಪ್ಪ, 90 ಗ್ರಾಂ ಪುಡಿಸಕ್ಕರೆ, 150 ಗ್ರಾಂ ಮೈದಾ, ಕಡಲೆಹಿಟ್ಟು ಮತ್ತು ಚಿರೋಟಿ ರವೆ ತಲಾ 25 ಗ್ರಾಂ, ಒಂದು ಚಮಚ ಮೊಸರು, ಕಾಲು ಚಮಚ ಅಡುಗೆ ಸೋಡಾ. ತುಪ್ಪ ಮರಳುಮರಳಾಗಿ ಹೆಪ್ಪುಗಟ್ಟಿರಬೇಕು. ಕರಾವಳಿಯ ಮಧ್ಯಾಹ್ನಕ್ಕೆ ಅದು ನೀರಾಗಿರುತ್ತದೆ, ಹಾಗಾಗಿ ಬೆಳಗಿನ ಜಾವ ಮಾಡಿ ಅಥವಾ ಉಂಡೆ ಕಟ್ಟಿದ ಟ್ರೇಯನ್ನು ಕಾಲು ಗಂಟೆ ಫ್ರಿಜ್‌ನಲ್ಲಿಡಿ. 160 ಡಿಗ್ರಿ, 18ರಿಂದ 20 ನಿಮಿಷ, ಹನ್ನೆರಡನೆಯ ನಿಮಿಷಕ್ಕೆ ಟ್ರೇ ಹಿಂದುಮುಂದು ಮಾಡಿ. ತೆಗೆದಾಗ ಮೆತ್ತಗಿರುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಮೆತ್ತಗಿದೆಯೆಂದು ಇನ್ನೈದು ನಿಮಿಷ ಬಿಟ್ಟರೆ ಸಿಗುವುದು ಇಟ್ಟಿಗೆ. ರೊಟ್ಟಿಯಂತೆ ಹರಡಿದರೆ ತುಪ್ಪ ಕರಗಿತ್ತು ಅಥವಾ ಎರಡನೇ ಒಬ್ಬೆಯನ್ನು ಬಿಸಿ ಟ್ರೇ ಮೇಲಿಟ್ಟಿರಿ. ಸಾಬೂನಿನ ರುಚಿ ಬಂದರೆ ಸೋಡಾ ಹೆಚ್ಚು.

ಡಬ್ಬಿಗೆ ಹಾಕುವ ಮೊದಲು ಕನಿಷ್ಠ ಎರಡು ಗಂಟೆ ಆರಬೇಕು. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ಆದರೆ ರಾತ್ರಿಯಿಡೀ ತೆರೆದಿಡುವುದೂ ತಪ್ಪು. ಒಂದೊಂದಕ್ಕೆ ಒಂದೊಂದು ಡಬ್ಬಿ. ಸಕ್ಕರೆ ಹೊದಿಕೆಯ ಕಿಡ್ಯೊ ಗಾಳಿಯ ತೇವ ಎಳೆಯುತ್ತದೆ, ರೋಸ್ ಕುಕ್ಕೀಸ್ ಜೊತೆ ಇಟ್ಟರೆ ಎರಡೂ ಹೋದವು. ಹಣ್ಣಿನ ಕೇಕಿಗೆ ತೇವವೇ ಜೀವ, ಅದನ್ನು ಈ ಡಬ್ಬಿಗಳ ಹತ್ತಿರವೂ ಸುಳಿಯಗೊಡಬೇಡಿ. ಡಬ್ಬಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ನೆರೆಮನೆಗಳಿಗೆ ಹಂಚುವ ತಟ್ಟೆಯನ್ನು ಹಂಚುವ ಹೊತ್ತಿಗೇ ಜೋಡಿಸುವುದು, ಹಿಂದಿನ ರಾತ್ರಿಯಲ್ಲ.

ಮೆತ್ತಗಾದ ರೋಸ್ ಕುಕ್ಕೀಸ್, ತುಕ್ಡಿ, ನೆವ್ರ್ಯೊಗಳನ್ನು 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟು, ಆರಿಸಿ, ಮತ್ತೆ ಮುಚ್ಚಬಹುದು. ಮೆಕರೂನ್‌ಗೆ 100 ಡಿಗ್ರಿಯಲ್ಲಿ ಅರ್ಧ ಗಂಟೆ. ಅಂಟಿದ ಕಿಡ್ಯೊಗೆ ಈ ಮದ್ದು ನಾಟುವುದಿಲ್ಲ, ಸಕ್ಕರೆ ಇನ್ನಷ್ಟು ಕರಗುತ್ತದೆ. ಅದನ್ನು ಮನೆಯವರೇ ಮೊದಲು ತಿಂದು ಮುಗಿಸಬೇಕು. ದುಬೈ, ಕುವೈತ್ ಕಡೆ ಹೋಗುವವರ ಕೈಯಲ್ಲಿ ಕಳಿಸುವುದಿದ್ದರೆ ತುಕ್ಡಿ, ಕಿಡ್ಯೊ, ನಾನ್‌ಖಟಾಯಿ ಆರಾಮಾಗಿ ತಲುಪುತ್ತವೆ. ರೋಸ್ ಕುಕ್ಕೀಸ್ ಕಳಿಸಲೇಬೇಕೆಂದರೆ ಅದರ ಅಗಲದ್ದೇ ಉರುಟು ಡಬ್ಬಿ ಹುಡುಕಿ, ಕವುಚಿ ಒಂದರ ಮೇಲೊಂದು ಪೇರಿಸಿ, ಪ್ರತಿ ಮೂರಕ್ಕೊಂದು ಬಟರ್ ಪೇಪರ್ ಇಟ್ಟು, ಡಬ್ಬಿ ಅಲ್ಲಾಡಿಸಿದರೆ ಸದ್ದು ಬಾರದಷ್ಟು ಮೇಲಿನ ತನಕ ಟಿಶ್ಯೂ ತುರುಕಿ.